ರೇಷ್ಮೆ ಮೇಡಂ ಮತ್ತು ಕಾಡಿನ ಆಮೆ

ಅವರ ಅಂಗೈಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಮೂವತ್ತು ವರ್ಷ ರೇಷ್ಮೆ ಹುಳು ಸಾಕುವ ಮನೆಗಳನ್ನು ಫಾರ್ಮಲಿನ್ ಮತ್ತು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆಸಿ, ಆಳು ಸಿಗದ ಕಡೆ ತಾವೇ ತೊಳೆದು, ತೊಗಲು ಸುಲಿದು ಸುಲಿದು ನುಣ್ಣಗಾಗಿಬಿಟ್ಟಿತ್ತು. ಮೊದಲ ಸಲ ಅವರಿಗೆ ಅರಿಶಿನ ಕುಂಕುಮ ಕೊಟ್ಟು ಒಳಗೆ ಬಂದ ನನ್ನ ತಾಯಿ, "ಆಕಿ ಕೈಯಾಗ ಒಂದು ಗೆರಿನೂ ಇಲ್ಲಲ್ಲೋ, ದೇವರು ಬರಿಯೋದ ಮರೆತನೇನು?" ಎಂದು ಗಾಬರಿಯಿಂದ ಕೇಳಿದ್ದಳು. ಆ ಕೈಯನ್ನು ಒಂದಿಷ್ಟು ಒದ್ದೆ ಮಾಡಿ ಗಾಳಿಗೆ ಹಿಡಿದರೆ ಸಾಕು, ಕೋಣೆಯಲ್ಲಿ ತೇವ ಎಷ್ಟಿದೆ ಎಂದು ಅವರು ಹೇಳುತ್ತಿದ್ದರು. ಆಮೇಲೆ ತೇವ ಅಳೆಯುವ ಥರ್ಮಾಮೀಟರ್ ನೋಡಿದರೆ ಹೆಚ್ಚೆಂದರೆ ಎರಡು ಮೂರು ಅಂಕ ಆಚೀಚೆ ಇರುತ್ತಿತ್ತು.

ಹೊಸಪೇಟೆಯ ನಮ್ಮ ಓಣಿಗೆ ಅವರು ಬಂದದ್ದು ರೇಷ್ಮೆ ಇಲಾಖೆಯಿಂದ ನಿವೃತ್ತರಾದ ಮೇಲೆ. ಮದುವೆಯಾಗಿರಲಿಲ್ಲ. ನಮ್ಮ ಪಕ್ಕದ ಮನೆ ಕೊಂಡರು. ಎರಡೂ ಮಾಳಿಗೆಗಳ ನಡುವೆ ಸೊಂಟದೆತ್ತರದ ಗೋಡೆ. ಹೆಸರು ಹಿಡಿದು ಕರೆಯುವವರೇ ಇರಲಿಲ್ಲ, ಎಲ್ಲರಿಗೂ ಅವರು ರೇಷ್ಮೆ ಮೇಡಂ. ಓಣಿಗೆ ಹೊಸದಾಗಿ ಬಂದ ಹೆಂಗಸರು ಸೀರೆ ಮಾರುವವರೆಂದು ತಿಳಿದು ಬಾಗಿಲು ತಟ್ಟುವುದೂ ಇತ್ತು. ತಮಾಷೆಯೆಂದರೆ, ಅವರು ಉಡುತ್ತಿದ್ದದ್ದು ಬರೀ ಹತ್ತಿ ಸೀರೆ. ಯಾಕೆಂದು ನಾನೊಮ್ಮೆ ಕೇಳಿದ್ದಕ್ಕೆ, "ಗೂಡನ್ನ ಕುದಿಯೋ ನೀರಿಗೆ ಹಾಕೋದು ನೋಡೀರೇನ್ರಿ ಮಾಸ್ತರ? ನಾ ದಿನಾ ನೋಡೀನಿ" ಎಂದು ಮಾತು ಮುಗಿಸಿದ್ದರು.

ಕೆಲಸದಲ್ಲಿದ್ದಾಗ ಸಂಡೂರು ತಾಲ್ಲೂಕಿನ ಹಳ್ಳಿಗಳಲ್ಲೆಲ್ಲ ಅಡ್ಡಾಡಿದವರು. ಹುಳುಮನೆಯ ಗೋಡೆಗೆ ಒಂದು ಹಾಳೆ ತೂಗುಹಾಕಿರುತ್ತಾರೆ. ಬೆಳಿಗ್ಗೆ ಸಂಜೆ ಬಿಸಿ ಎಷ್ಟು, ತೇವ ಎಷ್ಟು ಎಂದು ರೈತರು ಅದರಲ್ಲಿ ಬರೆಯಬೇಕು. ಬಹಳ ಜನ ಥರ್ಮಾಮೀಟರಿನ ಹತ್ತಿರವೂ ಸುಳಿಯದೆ, ಇಲಾಖೆಯವರು ಹೇಳಿದ ಅಂಕವನ್ನೇ ವಾರಗಟ್ಟಲೆ ಬರೆದಿಡುತ್ತಿದ್ದರಂತೆ. ಮೇಡಂಗೆ ಸಿಟ್ಟು ಬರುತ್ತಿದ್ದದ್ದು ಅದೊಂದಕ್ಕೇ. "ಹವಾ ಕೆಟ್ಟಿದ್ರ ಕೆಟ್ಟೈತಿ ಅಂತ ಬರೀರಿ, ನಾ ಏನು ನಿಮ್ಮನ್ನ ತಿಂತೀನೇನು? ಸುಳ್ಳು ಬರದ್ರ ಮುಂದಿನ ಬೆಳಿನೂ ಹೋಗ್ತೈತಿ" ಎನ್ನುತ್ತಿದ್ದರು. ನಮ್ಮ ಮನೆಯಲ್ಲೂ ಈ ಮಾತನ್ನು ಹತ್ತಾರು ಸಲ ಹೇಳಿದ್ದಾರೆ. ನನ್ನನ್ನು ನೋಡಿಯೇ ಹೇಳುತ್ತಿದ್ದರೆಂದು ಈಗ ತಿಳಿಯುತ್ತದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಮಗಳಿಗೆ ಹನ್ನೊಂದು ತುಂಬಿದಾಗ ಅವಳ ಹಟಕ್ಕೆ ಎರಡು ಆಮೆ ತಂದೆ. ನಮ್ಮ ಕಡೆಯ ಕುರುಚಲು ಕಾಡಿನ ನಕ್ಷತ್ರ ಆಮೆಗಳನ್ನು ಸಾಕುವುದು ಅಪರಾಧ. ಇವು ಹಾಗಲ್ಲ, ದಕ್ಷಿಣ ಅಮೆರಿಕದ ಮಳೆಕಾಡಿನ ತಳಿಯವು. ಕಪ್ಪು ಚಿಪ್ಪು, ಕಾಲಿನ ಮೇಲೆ ಕುಂಕುಮ ಚಿಮುಕಿಸಿದಂತೆ ಕೆಂಪು ಚುಕ್ಕೆ. ಅಂಗಡಿಯವನು ಕೊಟ್ಟ ಕಾಗದಗಳನ್ನೆಲ್ಲ ಜೋಡಿಸಿ, ಅರಣ್ಯ ಇಲಾಖೆಯ ನೋಂದಣಿ ಮಾಡಿಸಿ, ಫೈಲು ಕಟ್ಟಿ ಬೀರುವಿನಲ್ಲಿಟ್ಟೆ. ಮಗಳು ದೊಡ್ಡದಕ್ಕೆ ಗುಂಡ, ಸಣ್ಣದಕ್ಕೆ ಬೆಲ್ಲ ಎಂದು ಹೆಸರಿಟ್ಟಳು. ಬೆಲ್ಲ ಅವಳ ಕೈ ಗುರುತಿಸಿ ಕತ್ತು ಹೊರಗೆ ಚಾಚುತ್ತಿತ್ತು.

ಮನೆ ವೈಷ್ಣವರದು. ಆಮೆ ಮನೆಗೆ ಬಂದರೆ ನನ್ನ ತಾಯಿ ಸುಮ್ಮನಿರುತ್ತಾಳೆಯೇ! ಸಾಕ್ಷಾತ್ ಕೂರ್ಮಾವತಾರವೇ ಬಂದಿದೆ ಎಂದು ದಿನಾ ಬೆಳಿಗ್ಗೆ ಎರಡಕ್ಕೂ ತಣ್ಣೀರಿನ ಅಭಿಷೇಕ, ಮಡಿಬಟ್ಟೆಯಿಂದ ಒಂದು ಹನಿಯೂ ಉಳಿಯದಂತೆ ಒರೆಸುವುದು, ಚಿಪ್ಪಿನ ಮೇಲೆ ಗೋಪಿಚಂದನದ ಮುದ್ರೆ. ಏಕಾದಶಿ ಬಂದರೆ ಅವಕ್ಕೂ ಉಪವಾಸ. ನಾನಾದರೋ ಚಿಕ್ಕಂದಿನಲ್ಲಿ ಪಾಪಿನಾಯಕನಹಳ್ಳಿಯ ಗುಡ್ಡದ ಒಣ ಹುಲ್ಲಿನಲ್ಲಿ ನಕ್ಷತ್ರ ಆಮೆಗಳನ್ನು ನೋಡಿದವನು. ಆಮೆಯೆಂದರೆ ಬಿಸಿಲಿನ ಜೀವ, ಒಣ ನೆಲದ ಜೀವ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಹೊಳೆಯಿಂದ ಉಸುಕು ತರಿಸಿ, ಒಣಗಿಸಿ, ತಗಡಿನ ತೊಟ್ಟಿಗೆ ತುಂಬಿ ಅವನ್ನು ಬಿಟ್ಟೆ. ಕೆಲವೇ ವಾರಗಳಲ್ಲಿ ಅವುಗಳ ಕಣ್ಣು ಊದಿಕೊಂಡವು, ತಿನ್ನುವುದು ಕಡಿಮೆಯಾಯಿತು. ಬಿಸಿಲು ಸಾಲದೆಂದು ತೀರ್ಮಾನಿಸಿದೆ. ಮೇಷ್ಟ್ರು ತೀರ್ಮಾನಿಸಿದ ಮೇಲೆ ಎದುರಾಡುವವರು ಯಾರು?

ಏಪ್ರಿಲ್ ರಜೆಗೆ ಹೆಂಡತಿ, ಮಗಳು ಕಂಪ್ಲಿಗೆ ಹೋಗಿದ್ದರು, ನನ್ನ ಮಾವನ ಮನೆಗೆ. ಒಂದು ಬೆಳಿಗ್ಗೆ ಎಂಟಕ್ಕೆ ತೊಟ್ಟಿಯನ್ನು ಮಾಳಿಗೆಯ ಮೇಲಿಟ್ಟೆ. ಒಂದು ಗಂಟೆ ಬಿಸಿಲು ಕಾಯಲಿ ಎಂದಷ್ಟೇ ಇತ್ತು ಮನಸ್ಸಿನಲ್ಲಿ. ಹತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದಲು ಹೊರಟವನು ಮರೆತೇಬಿಟ್ಟೆ. ತಾಯಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ. ಮಧ್ಯಾಹ್ನ ಎರಡಕ್ಕೆ ಮನೆಗೆ ಬಂದು ಊಟಕ್ಕೆ ಕೂತಾಗ ನೆನಪಾಯಿತು. ತುತ್ತು ಅಲ್ಲೇ ಬಿಟ್ಟು ಓಡಿದೆ. ಗುಂಡ ತೊಟ್ಟಿಯ ಮೂಲೆಯಲ್ಲಿದ್ದ ಒಡೆದ ಕುಂಡದ ಕೆಳಗೆ ನುಸುಳಿಕೊಂಡು ಬಾಯಿ ತೆರೆದು ಉಸಿರಾಡುತ್ತಿತ್ತು. ಬೆಲ್ಲ ಬಟ್ಟಬಯಲಿನಲ್ಲಿ ಕತ್ತು ಚಾಚಿ ಬಿದ್ದಿತ್ತು. ಎತ್ತಿಕೊಂಡೆ. ಚಿಪ್ಪು ಕೈ ಸುಟ್ಟಿತು. ಕತ್ತು ಜೋತುಬಿತ್ತು.

ಆಗಲೇ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕಂಪ್ಲಿಯಿಂದ ಮಗಳು, ದಿನಾ ಅದೇ ಹೊತ್ತಿಗೆ ಮಾಡುತ್ತಿದ್ದಳು.

"ಅಪ್ಪಾ, ಬೆಲ್ಲ ಇವತ್ತು ಏನು ತಿಂತು?"

"ಬೆಲ್ಲ ಹೋತು ಪುಟ್ಟಿ. ಅದಕ್ಕ ಮೊದಲಿಂದ್ಲೂ ಏನೋ ರೋಗ ಇತ್ತಂತ. ಅಂಗಡಿಯವನ ಹೇಳಿದ. ಯಾರೂ ಏನೂ ಮಾಡಾಕ ಆಗ್ತಿದ್ದಿಲ್ಲಂತ." ಒಂದೇ ಉಸಿರಿನಲ್ಲಿ ಹೇಳಿದೆ. ಸತ್ತ ಆಮೆ ಇನ್ನೂ ನನ್ನ ಎಡಗೈಯಲ್ಲೇ ಇತ್ತು. ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲವನೆಂದು ನನಗೇ ಗೊತ್ತಿರಲಿಲ್ಲ.

ಫೋನು ಇಟ್ಟು ತಿರುಗಿದರೆ ಗೋಡೆಯಾಚೆ ರೇಷ್ಮೆ ಮೇಡಂ. ಸಂಡಿಗೆ ತೆಗೆಯಲು ಬಂದವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಆ ವಯಸ್ಸಿನಲ್ಲಿ ಗೋಡೆ ದಾಟಿ ಬಂದು, ಉಸುಕಿನ ಮೇಲೆ ಅಂಗೈ ಇಟ್ಟು ಚಟ್ಟನೆ ಎಳೆದುಕೊಂಡರು. ಗುಂಡನನ್ನು ಎತ್ತಿ ನೆರಳಿಗಿಟ್ಟು, ಕೆಳಗೆ ಹೋಗಿ ತಮ್ಮ ಥರ್ಮಾಮೀಟರ್ ತಂದರು. ಒಂದೇ ಹಲಗೆಯ ಮೇಲೆ ಎರಡು ಗಾಜಿನ ಕೊಳವೆ. ಒಂದರ ಬುಡಕ್ಕೆ ಒದ್ದೆ ಬತ್ತಿ ಸುತ್ತಿರುತ್ತದೆ. ಎರಡರ ನಡುವೆ ಅಂತರ ಹೆಚ್ಚಿದಷ್ಟೂ ಗಾಳಿ ಒಣಗಿದೆ ಎಂದರ್ಥ. ತೊಟ್ಟಿಯ ಪಕ್ಕದ ನೆರಳಿನಲ್ಲಿ ಹಿಡಿದರು. ಒಣದ್ದು ನಲವತ್ತೊಂದು, ಹಸಿಯದ್ದು ಇಪ್ಪತ್ಮೂರು.

"ಹದಿನೆಂಟು ಡಿಗ್ರಿ ಅಂತರ. ಬಿಸಲಾಗಿನ ಉಸುಕು ಇನ್ನೂ ಎಷ್ಟು ಕಾದೈತೋ!" ಎಂದು ನನ್ನ ಮುಖ ನೋಡಿದರು. "ಮಾಸ್ತರ, ಇವಕ್ಕ ಎಷ್ಟು ಬೇಕಂತ ಆ ಅಂಗಡಿಯವ ಬರದು ಕೊಟ್ಟಿಲ್ಲೇನ್ರಿ?"

ಫೈಲು ತಂದೆ. ನೋಂದಣಿ ಪತ್ರದ ಕೆಳಗೇ ಇತ್ತು, ನಾನೇ ಪಿನ್ನು ಹೊಡೆದು ಸೇರಿಸಿದ, ಓದದೇ ಬಿಟ್ಟ ಹಾಳೆ. ಇಪ್ಪತ್ತಾರರಿಂದ ಮೂವತ್ತು ಡಿಗ್ರಿ, ರಾತ್ರಿಯೂ ಇಪ್ಪತ್ತೆರಡಕ್ಕಿಂತ ಕೆಳಗೆ ಇಳಿಯಬಾರದು, ತೇವ ನೂರಕ್ಕೆ ಎಪ್ಪತ್ತರಿಂದ ಎಂಬತ್ತು, ನೆರಳು ಕಡ್ಡಾಯ. ಮೇಡಂ ಅದನ್ನು ಎರಡು ಸಲ ಓದಿದರು.

"ಅಯ್ಯ, ಇದು ಹೆಚ್ಚು ಕಮ್ಮಿ ಚಾಕಿ ಹುಳದ ಹವಾನ ಅಲ್ಲೇನ್ರಿ! ಪಕ್ಕದ ಮನ್ಯಾಗ ನಾ ಇದ್ದೆ. ಒಂದು ಮಾತು ಕೇಳಬಾರದಿತ್ತೇನ್ರಿ?"

ಮೊಟ್ಟೆಯೊಡೆದು ಆಗತಾನೆ ಹೊರಬಂದ ರೇಷ್ಮೆ ಮರಿಗೆ ಚಾಕಿ ಹುಳ ಎನ್ನುತ್ತಾರೆ. ಅಂಥ ಲಕ್ಷಾಂತರ ಮರಿಗಳನ್ನು ಅದೇ ಬಿಸಿ, ಅದೇ ತೇವದಲ್ಲಿ ಸಾಕಿದ ಕೈ ಗೋಡೆಯಾಚೆಗೆ ಇತ್ತು. ನಾನು ಮೇಷ್ಟ್ರು, ನನಗೆ ಯಾರನ್ನೂ ಕೇಳಬೇಕೆಂದು ಅನ್ನಿಸಿರಲಿಲ್ಲ.

ಮಗಳು ಎರಡು ದಿನ ಬಿಟ್ಟು ಬಂದಳು. ಅತ್ತೂ ಅತ್ತೂ ಮುಖ ಕೆಂಪಾಗಿತ್ತು. "ನಾ ಕಂಪ್ಲಿಗೆ ಹೋಗೋ ದಿನ ಕೈ ತೊಳೀಲಾರದ ಮಾವಿನಹಣ್ಣು ತಿನಿಸಿದ್ದೆ ಅಪ್ಪಾ. ನನ್ನ ಕೈಯಿಂದನ ಅದಕ್ಕ ರೋಗ ಬಂತು" ಎಂದಳು. ಅಲ್ಲವ್ವ, ನಾನು ಕೊಂದೆ ಎಂದು ಅಲ್ಲೇ ಹೇಳಬೇಕಿತ್ತು. "ಇರಲಿ ಬಿಡು ಪುಟ್ಟಿ" ಎಂದೆ. ಹಾಗೆಂದರೆ ಹೌದೆಂದು ಒಪ್ಪಿದಂತೆಯೇ ಅಲ್ಲವೇ? ಮೇಡಂ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು. ಆಮೇಲೆ ಅವಳನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಸಂಜೆ ಅವಳು ವಾಪಸು ಬಂದಾಗ ಅಳು ನಿಂತಿತ್ತು. ಮಕ್ಕಳು ಬೇಗ ಮರೆಯುತ್ತಾರೆ ಎಂದುಕೊಂಡು ನೆಮ್ಮದಿಯಿಂದ ಚಹಾ ಕುಡಿದೆ.

ಗುಂಡನನ್ನು ಉಳಿಸಿದ್ದು ಮೇಡಂ. ಉತ್ತರ ದಿಕ್ಕಿನ ಸಾಮಾನಿನ ಕೋಣೆ ಖಾಲಿ ಮಾಡಿಸಿದರು. ಇಟ್ಟಿಗೆಯ ಕಟ್ಟೆ ಕಟ್ಟಿ ಗೇಣುದ್ದ ತೆಂಗಿನ ನಾರಿನ ಪುಡಿ ಹಾಸಿ, ಅದರ ಮೇಲೆ ಹಂಪಿಯ ಕಡೆ ತೋಟಗಳಿಂದ ತರಿಸಿದ ಒಣ ಬಾಳೆ ಎಲೆ, ಅಡಗಿ ಕೂರಲು ಬೋರಲು ಹಾಕಿದ ಮಡಕೆ, ಆಳವಿಲ್ಲದ ನೀರಿನ ತಟ್ಟೆ. ಕಿಟಕಿಗೆ ಒದ್ದೆ ಗೋಣಿಚೀಲ, ಬೇಸಿಗೆಗೆ ನೀರಿನ ಕೂಲರು. ಚಳಿಗಾಲಕ್ಕೆ ಕೋಳಿಮರಿಗಳಿಗೆ ಹಚ್ಚುವಂಥ ಬಲ್ಬು, ಅದೂ ಒಂದು ಮೂಲೆಗೆ ಮಾತ್ರ. ಬೇಕಾದಾಗ ಬಿಸಿಗೆ ಹೋಗಲಿ, ಸಾಕಾದಾಗ ತಂಪಿಗೆ ಬರಲಿ ಎಂದು. ಮೇಲಿನ ಗವಾಕ್ಷಿ ಮುಚ್ಚಲು ಬಿಡಲಿಲ್ಲ. "ತೇವ ಬೇಕು, ಮುಗ್ಗಲು ಬ್ಯಾಡ. ಗಾಳಿ ಆಡ್ಲಿಲ್ಲಂದ್ರ ಬೂಷ್ಟು ಹಿಡಿತೈತಿ" ಎನ್ನುತ್ತಿದ್ದರು. ಮೇ ತಿಂಗಳ ನಡು ಮಧ್ಯಾಹ್ನ ಓಣಿಯ ಡಾಂಬರು ಕಾಲಿಗೆ ಅಂಟುವಾಗ ಆ ಕೋಣೆಯಲ್ಲಿ ಒಣದ್ದು ಇಪ್ಪತ್ತೊಂಬತ್ತು, ಹಸಿಯದ್ದು ಇಪ್ಪತ್ತಾರೂವರೆ. ನನ್ನ ತಾಯಿಯೂ ಜಪಮಾಲೆ ಹಿಡಿದು ಅಲ್ಲೇ ಹೋಗಿ ಕೂರತೊಡಗಿದಳು.

ಆದರೆ ಏಕಾದಶಿಯ ವಿಷಯದಲ್ಲಿ ತಾಯಿ ಜಗ್ಗಲಿಲ್ಲ. "ಕೂರ್ಮಪ್ಪಗ ಏಕಾದಶಿ ದಿನ ತಿನಿಸಿ ನಾ ಯಾವ ಪಾಪಕ್ಕ ಹೋಗ್ಲಿ?" ಎಂದಳು.

"ಅಮ್ಮಾರ, ಕ್ಷೀರಸಾಗರದಾಗ ಇದ್ದ ದೇವರನ್ನ ಒಣಾ ಉಸುಕಿನ್ಯಾಗ ಕುಂದ್ರಿಸಿದ್ರಿ, ಅದು ಪಾಪ ಅಲ್ಲೇನ್ರಿ? ಉಪವಾಸ ನೀವು ಮಾಡ್ರಿ, ಪುಣ್ಯ ಅದರ ಹೆಸರಿಗೆ ಬರಸ್ರಿ" ಎಂದರು ಮೇಡಂ. ತಾಯಿ ನಕ್ಕುಬಿಟ್ಟಳು. ಅಂದಿನಿಂದ ಏಕಾದಶಿಗೂ ಗುಂಡನಿಗೆ ಮೇಡಂ ತರುತ್ತಿದ್ದ ಹಿಪ್ಪುನೇರಳೆ ಎಲೆ ಸಿಕ್ಕಿತು. ಗೋಪಿಚಂದನ ಮಾತ್ರ ನಿಲ್ಲಲಿಲ್ಲ. ಅಷ್ಟಕ್ಕೆ ಆಮೆ ಸಾಯುವುದಿಲ್ಲ ಎಂದು ಮೇಡಂ ಬಿಟ್ಟುಕೊಟ್ಟರು.

ಹುಳುಮನೆಯಂತೆ ಇಲ್ಲೂ ಗೋಡೆಗೆ ಬಿಸಿ, ತೇವದ ಹಾಳೆ ಬಂತು, ಅದನ್ನು ಬರೆಯುವ ಕೆಲಸ ಮಗಳದು. ಬೆಳಿಗ್ಗೆ ಶಾಲೆಗೆ ಮೊದಲು, ಸಂಜೆ ಶಾಲೆ ಬಿಟ್ಟ ಮೇಲೆ. ಎರಡನೆಯ ವರ್ಷದ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಗುಂಡನ ಮೂಗಿನಲ್ಲಿ ನೊರೆ ಕಾಣಿಸಿತು. ಮೇಡಂ ಓಡಿ ಬಂದು ನಾರಿನ ಪುಡಿಯೊಳಗೆ ಕೈ ತೂರಿಸಿದರು. "ಥಂಡಿ ಐತಿ, ಹಸಿನೂ ಐತಿ. ಎರಡೂ ಕೂಡಿದ್ರ ವಿಷ" ಎಂದರು. ಬಲ್ಬು ಸುಟ್ಟುಹೋಗಿ ಎರಡು ದಿನವಾಗಿತ್ತು. ಹಾಳೆಯಲ್ಲಿ ಮಾತ್ರ ಎರಡೂ ದಿನ ಇಪ್ಪತ್ತೇಳು ಎಂದೇ ಇತ್ತು. ಮಗಳು, "ನಾ ಒಳಗ ಹೋಗಿದ್ದಿಲ್ಲರಿ ಮೇಡಂ. ಟ್ಯೂಷನ್ನಿಗೆ ಹೊತ್ತಾಗಿತ್ತು. ಸುಳ್ಳು ಬರದೀನಿ" ಎಂದು ಅಳತೊಡಗಿದಳು.

ಬೈಯುತ್ತಾರೆಂದು ಕಾದೆ. ಮೇಡಂ ಆ ನುಣ್ಣನೆ ಕೈಯಿಂದ ಅವಳ ಕಣ್ಣು ಒರೆಸಿದರು. "ಸುಳ್ಳು ಬರದಿದ್ದು ತಪ್ಪು. ಈಗ ಹೇಳಿದೆಲ್ಲ, ಭಾಳ ಚಲೋ ಮಾಡಿದಿ. ದೊಡ್ಡ ದೊಡ್ಡೋರಿಗೆ ಬರಂಗಿಲ್ಲ ಇದು" ಎಂದರು. ನನ್ನ ಕಿವಿ ಬಿಸಿಯಾದವು. ಬಲ್ಬು ತರುವ ನೆಪ ಮಾಡಿ ಹೊರಬಿದ್ದೆ. ಹದಿನೈದು ದಿನ ಔಷಧ, ಆರೈಕೆ ಆದ ಮೇಲೆ ಗುಂಡ ಚೇತರಿಸಿಕೊಂಡಿತು.

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಮೇಡಂ ನಮ್ಮ ಮಾಳಿಗೆಯ ಗೋಡೆಗೆ ಒರಗಿ ನಿಂತು ತಾವಾಗಿಯೇ ಮಾತು ತೆಗೆದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಚೋರನೂರಿನ ಒಬ್ಬ ಹೆಂಗಸು ಚಾಕಿ ಹುಳ ತೆಗೆದುಕೊಂಡಿದ್ದಳಂತೆ. ಇವರು ಹೋಗಿ ನೋಡಬೇಕಿತ್ತು.

"ಬಿಸಲಂತ ಹೋಗಲಿಲ್ರಿ. ಆಫೀಸಿನ್ಯಾಗ ಕುಂತು ಬಿಸಿ ಇಪ್ಪತ್ತೇಳು, ತೇವ ಎಂಬತ್ತೈದು ಅಂತ ಬರದೆ. ಹುಳಾ ಎಲ್ಲಾ ಸತ್ತುವು. ರಿಪೋರ್ಟಿನ್ಯಾಗ ರೋಗ ಅಂತ ಬರದು ಕೈ ತೊಳಕೊಂಡೆ. ಆಕಿ ಕೈಗುಣ ಚಲೋ ಇಲ್ಲಂತ ಮನ್ಯಾಗಿನವರ ಅಂದ್ರು. ಆಮ್ಯಾಲೆ ಆಕಿ ಎಮ್ಮಿ ಸೈತ ಹಿಂಡಲಿಲ್ಲ, ಮಾಸ್ತರ. ತಾ ಮುಟ್ಟಿದ್ರ ಅದೂ ಬತ್ತತೈತಿ ಅಂತ."

"ನೀವು ಹೋಗಿ ಹೇಳಲಿಲ್ಲೇನ್ರಿ?"

"ಹೋದೆ, ಒಂಬತ್ತು ವರ್ಷದ ಮ್ಯಾಲೆ. ಆಕಿ ತೀರಿಕೊಂಡಿದ್ಲು. ಮಗಳು ಇದ್ಲು ಮನ್ಯಾಗ. ನಮ್ಮವ್ವನ ಕೈ ಚಲೋ ಇದ್ದಿಲ್ರಿ, ಅಂತ ಆಕಿನೂ ಅಂದ್ಲು."

ಮೂವತ್ತು ವರ್ಷ ಊರೂರಿನ ಹಾಳೆಗಳಲ್ಲಿ ಸುಳ್ಳು ಹುಡುಕಿದ ಹೆಂಗಸಿನ ಬಾಯಿಂದ ಈ ಮಾತು! ಅವರು ಇನ್ನೇನನ್ನೋ ಕಾಯುವವರಂತೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಏನನ್ನು ಕಾಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ಮಗಳ ಪರೀಕ್ಷೆ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಳೆ ಹನಿಯತೊಡಗಿತು. "ಗುಂಡನ ಕಿಟಕಿ ಗೋಣಿಚೀಲ ತಗೀರಿ, ಇವತ್ತು ಹವಾನ ಹಸಿ ಐತಿ" ಎಂದು ಹೇಳಿ ಅವರು ಕೆಳಗಿಳಿದರು.

ಈ ವರ್ಷ ಬೇಸಿಗೆಯ ಬಾಯಲ್ಲಿ ಮೇಡಂ ಹಳೆಯ ಪರಿಚಯದವರ ತೋಟಕ್ಕೆಂದು ಸಂಡೂರಿಗೆ ಹೋದರು. ವಾಪಸು ಬಂದ ಬಸ್ಸು ಹೊಸಪೇಟೆ ನಿಲ್ದಾಣದಲ್ಲಿ ನಿಂತಾಗ ಎಲ್ಲರೂ ಇಳಿದರು, ಅವರು ಇಳಿಯಲಿಲ್ಲ. ನಿದ್ದೆ ಹೋಗಿದ್ದಾರೆಂದು ಕಂಡಕ್ಟರು ಭುಜ ಮುಟ್ಟಿದ್ದಾನೆ. ಚೀಲದಲ್ಲಿದ್ದ ಚೀಟಿಯಲ್ಲಿ ನನ್ನ ನಂಬರಿತ್ತು. ನಾನು ಹೋದಾಗ ಕಿಟಕಿಗೆ ತಲೆಯಾನಿಸಿ ಕೂತಂತೆಯೇ ಇದ್ದರು. ತೊಡೆಯ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಹಿಪ್ಪುನೇರಳೆ ಎಲೆ, ಇನ್ನೂ ಒಂದೂ ಬಾಡಿರಲಿಲ್ಲ. ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತು, "ಬರ್ತೀನ್ರಿ, ಸಂಜೀಕ ಎಲಿ ತರ್ತೀನಿ" ಎಂದು ಹೋದವರು. ಆ ಪೆಟ್ಟಿನಿಂದ ನಾನು ಇವತ್ತಿಗೂ ಚೇತರಿಸಿಕೊಂಡಿಲ್ಲ.

ಅವರ ತಮ್ಮನ ಮಗ ಬಂದು ಅಂತ್ಯಕ್ರಿಯೆ ಮುಗಿಸಿದ. ಮೂರನೆಯ ದಿನ ಸಂಜೆ ಮಗಳು ಗುಂಡನ ಕೋಣೆಯಲ್ಲಿ ನಾರಿನ ಪುಡಿಗೆ ನೀರು ಚಿಮುಕಿಸುತ್ತಿದ್ದಳು. ಹದಿನೈದು ದಾಟಿದ ಹುಡುಗಿ, ನನ್ನ ಭುಜಕ್ಕೆ ಬಂದಿದ್ದಾಳೆ. ನಾನು ಬಾಗಿಲು ಮುಂದೆ ಮಾಡಿ, ಕಟ್ಟೆಯ ಮೇಲೆ ಕೂತು, ಹೇಳಿಬಿಟ್ಟೆ. ಬಿಸಿಲು, ತೊಟ್ಟಿ, ಮರೆತದ್ದು, ಫೋನಿನಲ್ಲಿ ಹೇಳಿದ ಸುಳ್ಳು, ಎಲ್ಲ.

ಅವಳು ನೀರು ಚಿಮುಕಿಸುವುದನ್ನು ನಿಲ್ಲಿಸಲಿಲ್ಲ. "ನನಗ ಗೊತ್ತಪ್ಪಾ" ಎಂದಳು.

"ಯಾರು ಹೇಳಿದ್ರು?"

"ಮೇಡಂ. ನಾ ಕಂಪ್ಲಿಯಿಂದ ಬಂದ ದಿನಾನ. ನಿನ್ನ ಕೈಯಿಂದ ಏನೂ ಆಗಿಲ್ಲವ್ವ, ಅಂತ ಹೇಳಿದ್ರು. ನಿಮ್ಮಪ್ಪನ್ನ ಕೇಳಬ್ಯಾಡ, ಅವರ ಬಂದು ಹೇಳ್ತಾರ, ಕಾಯಿ ಅಂದ್ರು."

ನಾಲ್ಕು ವರ್ಷ. ಊಟಕ್ಕೆ ಎದುರು ಕೂತು, ಸ್ಕೂಟರಿನ ಹಿಂದೆ ಕೂತು, ಲೆಕ್ಕ ಹೇಳಿಸಿಕೊಳ್ಳುತ್ತಾ, ಈ ಹುಡುಗಿ ನಾಲ್ಕು ವರ್ಷ ನನ್ನ ಬಾಯನ್ನೇ ಕಾಯುತ್ತಿದ್ದಳು.

"ಮೇಡಂ ಆಗಾಗ ಕೇಳ್ತಿದ್ರು, ಹೇಳಿದ್ರೇನವ್ವ ನಿಮ್ಮಪ್ಪ, ಅಂತ. ಇಲ್ಲರಿ ಅಂತಿದ್ದೆ. ಸಂಡೂರಿಗೆ ಹೋಗೋ ಹಿಂದಿನ ದಿನಾನೂ ಕೇಳಿದ್ರು." ಅವಳು ಈಗ ಕೈ ನಿಲ್ಲಿಸಿದಳು. "ಇಲ್ಲ ಅಂದಾಗೆಲ್ಲ ಅವರ ಮಾರಿ ಸಣ್ಣದಾಗ್ತಿತ್ತಪ್ಪಾ. ನನಗ ನೋಡಾಕ ಆಗಲಿಲ್ಲ. ಅವತ್ತು ಹೂಂ ಅಂದುಬಿಟ್ಟೆ. ಹೇಳಿದ್ರು, ಅಂದೆ."

"ಅದಕ್ಕ ಏನಂದ್ರು?"

"ಭಾಳ ಖುಷಿಯಾದ್ರು. ನಿಮ್ಮಪ್ಪ ದೊಡ್ಡ ಮನಷ್ಯಾ, ಅಂದ್ರು."

ಮೂವತ್ತು ವರ್ಷ ಸುಳ್ಳು ಅಂಕಗಳನ್ನು ಕಂಡುಹಿಡಿದ ಹೆಂಗಸು ಅದೊಂದನ್ನು ನಂಬಿ ಹೋದರು. ಹೇಳಿದ್ದು ಮಗಳ ಬಾಯಿ. ಸುಳ್ಳು ನನ್ನದು.